ಬಂದೂಕು ಕೊಟ್ಟವರು ಲೆಕ್ಕವನ್ನೂ ಕೇಳಬೇಕು

(2025ರ ಅಕ್ಟೋಬರ್ 28ರಂದು ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ ಮಾದಕವಸ್ತು ಗ್ಯಾಂಗಿನ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ಸುತ್ತ ಇಬ್ಬರು ಗೆಳೆಯರ ಮಾತುಕತೆ. ಒಬ್ಬರು ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಇನ್ನೊಬ್ಬರು ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು.)

ಮೇಷ್ಟ್ರು: ಒಂದೇ ಊರಿನಲ್ಲಿ, ಒಂದೇ ದಾಳಿಯಲ್ಲಿ 121 ಸಾವು. ಇದು ದಾಳಿಯಾದ ವಾರದಲ್ಲಿ ಅಲ್ಲಿನ ಸರ್ಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ಪೊಲೀಸರು ನಾಲ್ವರು. ಬ್ರೆಜಿಲ್ಲಿನ ಇತಿಹಾಸದಲ್ಲೇ ಇಷ್ಟು ಜನ ಸತ್ತ ಪೊಲೀಸ್ ಕಾರ್ಯಾಚರಣೆ ಇನ್ನೊಂದಿಲ್ಲ. ಇದನ್ನು ದಾಳಿ ಅನ್ನಬೇಕೋ, ಯುದ್ಧ ಅನ್ನಬೇಕೋ, ನೀವೇ ಹೇಳಿ ಸಾಹೇಬ್ರೇ.

ಸಾಹೇಬರು: ಹೆಸರು ಆಮೇಲೆ ಇಡೋಣ ಮೇಷ್ಟ್ರೇ. ಮೊದಲು ಎದುರಿಗಿದ್ದವರ ಕೈಯಲ್ಲಿ ಏನಿತ್ತು ಅಂತ ನೋಡಿ. ಅಲೆಮಾವ್, ಪೆನ್ಯಾ ಎಂಬ ಗುಡ್ಡದ ಬಡಾವಣೆಗಳಿಗೆ ಸುಮಾರು 2,500 ಸಿಬ್ಬಂದಿ ನುಗ್ಗಿದಾಗ ಕೊಮಾಂಡೊ ವೆರ್ಮೆಲ್ಯೊ ಗ್ಯಾಂಗಿನವರು ಡ್ರೋನ್‌ಗಳಿಂದ ಬಾಂಬು ಬೀಳಿಸಿದರು. ಊರಿನ ಬಸ್ಸುಗಳನ್ನೇ ಅಡ್ಡ ನಿಲ್ಲಿಸಿ ರಸ್ತೆ ಮುಚ್ಚಿದರು. ಕೊನೆಗೆ ಪೊಲೀಸರು ವಶಪಡಿಸಿಕೊಂಡ ರೈಫಲ್‌ಗಳೇ ತೊಂಬತ್ತಕ್ಕೂ ಹೆಚ್ಚು. ಮಾದಕವಸ್ತು ಮಾರುವವನಿಗೆ ಅಷ್ಟೊಂದು ರೈಫಲ್ ಯಾಕೆ ಬೇಕು? ಯಾಕೆಂದರೆ ಅವನು ಮಾಲು ಮಾರುವುದಷ್ಟೇ ಅಲ್ಲ, ಆ ಗುಡ್ಡವನ್ನೇ ಆಳುತ್ತಿದ್ದಾನೆ. ಅಂಥವನ ಮುಂದೆ ಲಾಠಿ ಕೊಟ್ಟು ತನ್ನ ಹುಡುಗರನ್ನು ಕಳಿಸುವ ಅಧಿಕಾರಿಯನ್ನು ನಾನು ಕ್ಷಮಿಸಲಾರೆ.

ಮೇಷ್ಟ್ರು: ಲಾಠಿ ಕೊಟ್ಟು ಕಳಿಸಿ ಅಂತ ನಾನೂ ಹೇಳುವುದಿಲ್ಲ.

ಸಾಹೇಬರು: ಬಾಯಲ್ಲಿ ಹೇಳದಿದ್ದರೂ ಬಹಳ ಜನರ ಮನಸ್ಸಿನಲ್ಲಿ ಅದೇ ಇರುತ್ತದೆ. 2009ರ ಅಕ್ಟೋಬರ್‌ನಲ್ಲಿ, ಒಲಿಂಪಿಕ್ಸ್ ರಿಯೊಗೆ ಸಿಕ್ಕಿತು ಅಂತ ಪ್ರಕಟವಾದ ಎರಡೇ ವಾರಕ್ಕೆ, ಅಲ್ಲಿನ ಗ್ಯಾಂಗಿನವರು ಪೊಲೀಸ್ ಹೆಲಿಕಾಪ್ಟರನ್ನೇ ಹೊಡೆದು ಕೆಡವಿದರು. 2017 ಒಂದೇ ವರ್ಷದಲ್ಲಿ ರಿಯೊ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಪೊಲೀಸರ ಕೊಲೆಯಾಯಿತು. ಅವರಲ್ಲಿ ಎಷ್ಟೋ ಜನ ಡ್ಯೂಟಿಯಲ್ಲೂ ಇರಲಿಲ್ಲ. ನಮ್ಮಲ್ಲೇ 1992ರಲ್ಲಿ ವೀರಪ್ಪನ್ ಕಡೆಯವರು ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು, ಠಾಣೆಯ ಬಂದೂಕುಗಳನ್ನೇ ಹೊತ್ತುಕೊಂಡು ಹೋದದ್ದು ಮರೆತುಹೋಯಿತೇ? ಸತ್ತ ಪೇದೆಯ ಮನೆಗೆ ಹೋಗಿ ನಿಂತವರಿಗೆ ಗೊತ್ತು, ಆಯುಧ ಸಾಲದೆ ಹೋದರೆ ಏನಾಗುತ್ತದೆ ಅಂತ.

ಮೇಷ್ಟ್ರು: ಆ ನೋವನ್ನು ನಾನು ಸಣ್ಣದು ಮಾಡುವುದಿಲ್ಲ. ರೈಫಲ್ ಹಿಡಿದವನ ಎದುರು ರೈಫಲ್ ಬೇಕೇ ಬೇಕು, ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ನನ್ನ ಪ್ರಶ್ನೆ ಬೇರೆ. ಅಷ್ಟೆಲ್ಲ ಬಂದೂಕು, ಕವಚದ ಗಾಡಿ, ಹೆಲಿಕಾಪ್ಟರ್ ಕೊಟ್ಟಮೇಲೆ ಆ ಗುಡ್ಡ ಯಾರ ಕೈಗೆ ಬಂತು? ಅಲೆಮಾವ್ ಗುಡ್ಡವನ್ನು ಸರ್ಕಾರ ಗೆದ್ದದ್ದು ಇದೇ ಮೊದಲಲ್ಲವಲ್ಲ. 2010ರ ನವೆಂಬರ್ ನೆನಪು ಮಾಡಿಕೊಳ್ಳಿ. ಆಗಲೂ ಸುಮಾರು ಇಷ್ಟೇ ಜನ ಪೊಲೀಸರು, ಸೈನಿಕರು. ನೌಕಾಪಡೆಯ ಕವಚದ ವಾಹನಗಳು ಬಂದಿದ್ದವು. ಗ್ಯಾಂಗಿನ ಹುಡುಗರು ಬಂದೂಕು ಹೊತ್ತು ಮಣ್ಣಿನ ರಸ್ತೆಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಓಡಿಹೋಗುವುದನ್ನು ಇಡೀ ದೇಶ ಟಿ.ವಿ.ಯಲ್ಲಿ ನೇರವಾಗಿ ನೋಡಿತು. ಗುಡ್ಡದ ಮೇಲೆ ಬಾವುಟ ಹಾರಿಸಿದರು. ಮರುವರ್ಷ ಆರು ನಿಲ್ದಾಣಗಳ ರೋಪ್‌ವೇ ಶುರುಮಾಡಿದರು. ಕೂಲಿಗೆ ಹೋಗುವ ಹೆಂಗಸರು, ಶಾಲೆಯ ಮಕ್ಕಳು ಗುಡ್ಡದ ನೆತ್ತಿಯಿಂದ ರೈಲು ನಿಲ್ದಾಣಕ್ಕೆ ತೊಟ್ಟಿಲಲ್ಲಿ ಕೂತು ಇಳಿದುಬರುತ್ತಿದ್ದರು. ಒಲಿಂಪಿಕ್ಸ್ ಮುಗಿದ ಎರಡು ತಿಂಗಳಿಗೆ, 2016ರ ಅಕ್ಟೋಬರ್‌ನಲ್ಲಿ, ಆ ರೋಪ್‌ವೇ ನಿಂತುಹೋಯಿತು. ಗ್ಯಾಂಗು ವಾಪಸ್ ಬಂತು. ಹದಿನೈದು ವರ್ಷ ಕಳೆದಮೇಲೆ ಅದೇ ಗುಡ್ಡಕ್ಕೆ ಅಷ್ಟೇ ದೊಡ್ಡ ಪಡೆ ಮತ್ತೆ ಹತ್ತಬೇಕಾಯಿತು. ಸಾವು ಮಾತ್ರ ಹಿಂದಿಗಿಂತ ಎಷ್ಟೋ ಪಾಲು ಹೆಚ್ಚು.

ಸಾಹೇಬರು: ಅದು ಬಂದೂಕಿನ ಸೋಲಲ್ಲ ಮೇಷ್ಟ್ರೇ, ಉಳಿದು ನಿಲ್ಲದೆ ಹೋದದ್ದರ ಸೋಲು. ಅಲ್ಲೇ ಉಳಿದು ನಿಲ್ಲುವ ಪ್ರಯೋಗವನ್ನೂ ರಿಯೊ ಮಾಡಿತ್ತು, ನಾನು ಅದನ್ನು ಆಸಕ್ತಿಯಿಂದ ಗಮನಿಸಿದ್ದೇನೆ. 2008ರ ಕೊನೆಯಲ್ಲಿ ಸಾಂತಾ ಮಾರ್ತಾ ಗುಡ್ಡದಿಂದ ಶುರುಮಾಡಿ ಒಟ್ಟು 38 ಕಡೆ ಶಾಂತಿಪಾಲನೆಯ ಹೊರಠಾಣೆಗಳನ್ನು ಕೂರಿಸಿದರು. ಮೊದಲು ವಿಶೇಷ ಪಡೆ ಹೋಗಿ ಜಾಗ ತೆರವು ಮಾಡುವುದು, ಆಮೇಲೆ ಹೊಸದಾಗಿ ಸೇರಿದ ಪೊಲೀಸರು ಅಲ್ಲೇ ಬೀಟ್ ತಿರುಗುವುದು. ದಾಳಿ ಮಾಡಿ ವಾಪಸ್ ಬರುವ ಬದಲು ಅಲ್ಲೇ ಇರುವುದು. ಯಾವ ಠಾಣೆಯವನನ್ನು ಕೇಳಿದರೂ ಹೇಳುತ್ತಾನೆ, ಬೀಟಿನಲ್ಲಿ ಸಿಗುವ ಮಾಹಿತಿ ಇನ್ನೆಲ್ಲೂ ಸಿಗುವುದಿಲ್ಲ.

ಮೇಷ್ಟ್ರು: ಅಂಕಿಗಳೂ ನಿಮ್ಮ ಮಾತನ್ನೇ ಹೇಳುತ್ತವೆ. ರಿಯೊ ರಾಜ್ಯದಲ್ಲಿ ಪೊಲೀಸರ ಗುಂಡಿಗೆ ಸತ್ತವರು 2007ರಲ್ಲಿ 1,330 ಜನ. ಹೊರಠಾಣೆಗಳು ನಡೆಯುತ್ತಿದ್ದ 2013ರಲ್ಲಿ ಅದು 416ಕ್ಕೆ ಇಳಿದಿತ್ತು. 2019ರ ಹೊತ್ತಿಗೆ 1,814ಕ್ಕೆ ಏರಿತು. ಅಮೆರಿಕದಂಥ ದೇಶದಲ್ಲಿ, ಮೂವತ್ತಮೂರು ಕೋಟಿ ಜನರ ನಡುವೆ, ಪೊಲೀಸರ ಕೈಯಲ್ಲಿ ವರ್ಷಕ್ಕೆ ಸಾವಿರದ ಆಸುಪಾಸು ಜನ ಸಾಯುತ್ತಾರೆ. ಅದಕ್ಕೇ ಅಲ್ಲಿ ಬೀದಿಬೀದಿಯಲ್ಲಿ ಪ್ರತಿಭಟನೆ ನಡೆಯುತ್ತದೆ. ರಿಯೊ ರಾಜ್ಯದ ಜನಸಂಖ್ಯೆ ಎರಡು ಕೋಟಿಯೂ ಇಲ್ಲ. ಹಾಗಿದ್ದರೆ ಒಳ್ಳೆಯ ದಾರಿ ಕಂಡಮೇಲೂ ಅದನ್ನು ಬಿಟ್ಟದ್ದು ಯಾಕೆ?

ಸಾಹೇಬರು: ದುಡ್ಡು. 2016ರಲ್ಲಿ ಒಲಿಂಪಿಕ್ಸಿಗೆ ಮುಂಚೆಯೇ ರಿಯೊ ರಾಜ್ಯ ಹಣಕಾಸಿನ ತುರ್ತುಸ್ಥಿತಿ ಘೋಷಿಸಿತು. ಪೊಲೀಸರಿಗೇ ಸಂಬಳ ಸರಿಯಾಗಿ ಆಗದಿದ್ದಾಗ ಹೊರಠಾಣೆ ಹೇಗೆ ನಡೆದೀತು?

ಮೇಷ್ಟ್ರು: ದುಡ್ಡು ಒಂದು ಕಾರಣ. ಇನ್ನೊಂದನ್ನೂ ಹೇಳಬೇಕು. 2013ರ ಜುಲೈನಲ್ಲಿ ರೊಸಿನ್ಯಾ ಗುಡ್ಡದ ಒಬ್ಬ ಗಾರೆ ಕೆಲಸದವನನ್ನು ವಿಚಾರಣೆಗೆ ಅಂತ ಅದೇ ಶಾಂತಿಪಾಲನೆಯ ಠಾಣೆಗೆ ಕರೆದುಕೊಂಡು ಹೋದರು. ಅವನು ಮನೆಗೆ ವಾಪಸ್ ಬರಲಿಲ್ಲ, ದೇಹವೂ ಸಿಗಲಿಲ್ಲ. ಚಿತ್ರಹಿಂಸೆ ಕೊಟ್ಟು ಕೊಂದರು ಅಂತ ರುಜುವಾತಾಗಿ, ಆ ಠಾಣೆಯ ಕಮಾಂಡರ್ ಸೇರಿ ಹಲವು ಪೊಲೀಸರಿಗೆ 2016ರಲ್ಲಿ ಶಿಕ್ಷೆಯಾಯಿತು. ಅವನು ಎಲ್ಲಿ ಅಂತ ಕೇಳುವ ಬರಹ ಆಗ ಊರಿನ ಗೋಡೆಗೋಡೆಯಲ್ಲೂ ಇತ್ತು. ಗುಡ್ಡದ ಜನ ಠಾಣೆಯನ್ನು ನಂಬುವುದು ಬಿಟ್ಟರು. ನೀವು ಹೇಳಿದ ಬೀಟಿನ ಮಾಹಿತಿ ಅಲ್ಲಿಗೇ ನಿಂತಿತು.

ಸಾಹೇಬರು: ಅಂಥ ಠಾಣೆಯನ್ನು ಯಾರು ನಂಬುತ್ತಾರೆ, ಸರಿ. ಆದರೂ 2025ರ ದಾಳಿಯಾದಮೇಲೆ ನಡೆದ ಸಮೀಕ್ಷೆಗಳಲ್ಲಿ ರಿಯೊದ ಬಹುಪಾಲು ಜನ ಆ ಕಾರ್ಯಾಚರಣೆ ಸರಿ ಅಂದರು. ಅವರೆಲ್ಲ ರಕ್ತಪಿಪಾಸುಗಳೇ? ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಂದೂಕು ಹಿಡಿದ ಹದಿನೆಂಟರ ಹುಡುಗನ ಅಪ್ಪಣೆ ಪಡೆದು ಹೋಗಬೇಕಾದವರು ಅವರು. ದೂರದಲ್ಲಿ ಕೂತ ನಾವು ಅವರ ಭಯವನ್ನು ತಳ್ಳಿಹಾಕಬಾರದು.

ಮೇಷ್ಟ್ರು: ತಳ್ಳಿಹಾಕುವುದಿಲ್ಲ. ಆದರೆ ಅದೇ ಭಯವನ್ನು ಬಂಡವಾಳ ಮಾಡಿಕೊಂಡು ರಿಯೊದ ಪಶ್ಚಿಮ ಭಾಗದಲ್ಲಿ ಇನ್ನೊಂದು ಪಡೆ ಬೆಳೆಯಿತು. ಹಾಲಿ ಪೊಲೀಸರು, ಮಾಜಿ ಪೊಲೀಸರು, ಅಗ್ನಿಶಾಮಕದವರು ಸೇರಿಕೊಂಡು, ಗಾಂಜಾ ಗ್ಯಾಂಗನ್ನು ಓಡಿಸುತ್ತೇವೆ, ನಿಮಗೆ ರಕ್ಷಣೆ ಕೊಡುತ್ತೇವೆ ಅಂದರು. ಜನ ನಂಬಿದರು. ಆಮೇಲೆ ಅಡುಗೆ ಗ್ಯಾಸಿನ ಸಿಲಿಂಡರ್ ಅವರಿಂದಲೇ ಕೊಳ್ಳಬೇಕು, ಅವರು ಹೇಳಿದ ಬೆಲೆಗೆ. ಕೇಬಲ್ ಸಂಪರ್ಕ ಅವರದ್ದೇ. ಜನ ಸಾಗಿಸುವ ವ್ಯಾನಿನವನು ಅವರಿಗೆ ಮಾಮೂಲಿ ಕೊಡಬೇಕು. ಅಂಗಡಿಯವನಿಗೆ ವಾರದ ವಸೂಲಿ. ಅಲ್ಲಿ ಇವರನ್ನು ಮಿಲಿಷಿಯಾ ಅನ್ನುತ್ತಾರೆ. 2008ರಲ್ಲಿ ರಿಯೊ ವಿಧಾನಸಭೆಯ ತನಿಖಾ ಸಮಿತಿ ಇನ್ನೂರಕ್ಕೂ ಹೆಚ್ಚು ಜನರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಅವರಲ್ಲಿ ರಾಜಕಾರಣಿಗಳೂ ಇದ್ದರು, ಪೊಲೀಸರೂ ಇದ್ದರು.

ಸಾಹೇಬರು: ಇಲಾಖೆಯಲ್ಲಿ ಕೆಟ್ಟವರಿದ್ದಾರೆ ಅಂತ ಒಳ್ಳೆಯವರ ಕೈಯಿಂದ ಆಯುಧ ಕಿತ್ತುಕೊಳ್ಳಲಾಗುತ್ತದೆಯೇ?

ಮೇಷ್ಟ್ರು: ಆಯುಧ ಎಲ್ಲಿಗೆ ಹೋಗುತ್ತಿದೆ ಅಂತ ನೋಡಲೇಬೇಕಲ್ಲ. ಎರಡು ಪ್ರಕರಣ ಹೇಳುತ್ತೇನೆ. 2011ರ ಆಗಸ್ಟ್‌ನಲ್ಲಿ ನಿತೆರೋಯ್ ಊರಿನಲ್ಲಿ ಪಟ್ರೀಸಿಯಾ ಅಸಿಯೋಲಿ ಎಂಬ ನ್ಯಾಯಾಧೀಶೆಯನ್ನು ಅವರ ಮನೆಯ ಮುಂದೆಯೇ 21 ಗುಂಡು ಹೊಡೆದು ಕೊಂದರು. ಸುಳ್ಳು ಎನ್‌ಕೌಂಟರ್ ಮಾಡುತ್ತಿದ್ದ ಪೊಲೀಸರ ವಿರುದ್ಧದ ಕೇಸುಗಳು ಅವರ ಕೋರ್ಟಿನಲ್ಲಿದ್ದವು. ಸ್ಥಳದಲ್ಲಿ ಸಿಕ್ಕ ಗುಂಡುಗಳು ಮಿಲಿಟರಿ ಪೊಲೀಸ್ ಅಂತ ಕರೆಯುವ ರಾಜ್ಯದ ಸಮವಸ್ತ್ರಧಾರಿ ಪೊಲೀಸರಿಗೆಂದೇ ಖರೀದಿಸಿದ್ದ ಮಾಲು. ಕೊಂದ ಪೊಲೀಸರ ಬಟಾಲಿಯನ್ನಿನ ಕಮಾಂಡರನಿಗೂ ಶಿಕ್ಷೆಯಾಯಿತು. ಇನ್ನೊಂದು, 2018ರ ಮಾರ್ಚ್ 14. ನಗರಸಭೆಯ ಸದಸ್ಯೆ ಮಾರಿಯೆಲ್ಲಿ ಫ್ರಾಂಕೊ ಅವರನ್ನೂ ಅವರ ಕಾರಿನ ಚಾಲಕನನ್ನೂ ನಡುರಸ್ತೆಯಲ್ಲಿ ಕೊಂದರು. ರಿಯೊದ ಭದ್ರತೆಯನ್ನು ಪೂರ್ತಿಯಾಗಿ ಒಬ್ಬ ಸೇನಾ ಜನರಲ್ ಕೈಗೆ ಕೊಟ್ಟಿದ್ದ ಕಾಲ ಅದು. ಗುಂಡಿನ ತೋಟಾಗಳು 2006ರಲ್ಲಿ ಫೆಡರಲ್ ಪೊಲೀಸರಿಗೆ ಮಾರಿದ ಲಾಟಿನವು. ಗುಂಡು ಹಾರಿಸಿದವನು ಮಾಜಿ ಮಿಲಿಟರಿ ಪೊಲೀಸ್. ಅವನನ್ನು ಹಿಡಿದ ದಿನ ಅವನ ಗೆಳೆಯನ ಮನೆಯಲ್ಲಿ 117 ರೈಫಲ್‌ಗಳ ಬಿಡಿಭಾಗಗಳು ಸಿಕ್ಕವು. ಮಾದಕವಸ್ತುವಿನ ವಿರುದ್ಧ ಹೋರಾಡಲಿ ಅಂತ ಸರ್ಕಾರ ಕೊಂಡ ತೋಟಾ ಕೊನೆಗೆ ಯಾರ ಎದೆಗೆ ಬಿತ್ತು, ಸಾಹೇಬ್ರೇ?

ಸಾಹೇಬರು: ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ನಮ್ಮ ಠಾಣೆಗಳಲ್ಲಿ ಪ್ರತಿ ಬಂದೂಕಿಗೂ ಒಂದು ಬಟ್ ನಂಬರ್ ಇರುತ್ತದೆ. ಡ್ಯೂಟಿಗೆ ಹೋಗುವವನು ರಿಜಿಸ್ಟರಿನಲ್ಲಿ ರುಜು ಹಾಕಿ ಬಂದೂಕನ್ನೂ, ಎಣಿಸಿ ತೋಟಾಗಳನ್ನೂ ಪಡೆಯಬೇಕು. ವಾಪಸ್ ಬಂದಾಗ ಎಣಿಸಿಯೇ ಒಪ್ಪಿಸಬೇಕು. ಗುಂಡು ಹಾರಿಸಿದ್ದರೆ ಖಾಲಿ ತೋಟಾ ತರಬೇಕು, ಯಾಕೆ ಹಾರಿಸಿದೆ ಅಂತ ಬರೆದುಕೊಡಬೇಕು. ಒಂದೇ ಒಂದು ತೋಟಾ ಕಮ್ಮಿಯಾದರೂ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಹೊರಗಿನವರಿಗೆ ಇದು ಗುಮಾಸ್ತಗಿರಿ ಅನ್ನಿಸಬಹುದು. ಆದರೆ ಪೊಲೀಸನಿಗೂ ಡಕಾಯಿತನಿಗೂ ಇರುವ ವ್ಯತ್ಯಾಸ ಇದೇ ರಿಜಿಸ್ಟರಿನಲ್ಲಿದೆ. ಆ ಶಿಸ್ತು ಹೋದ ಪಡೆಗೆ ದೊಡ್ಡ ಬಂದೂಕು ಕೊಡುವುದು ಅಪಾಯ, ಒಪ್ಪಿದೆ.

ಮೇಷ್ಟ್ರು: ರಿಯೊದಲ್ಲಿ ಶಿಸ್ತು ತಾನಾಗಿ ಹೋಗಲಿಲ್ಲ. ಸರ್ಕಾರವೇ ಕೆಡಿಸಿತು. 1995ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಶೌರ್ಯ ತೋರಿದ ಪೊಲೀಸರಿಗೆ ಸಂಬಳದ ಮೇಲೆ ಭತ್ಯೆ ಕೊಡುವ ಪದ್ಧತಿ ತಂದಿತು. ಯಾವುದು ಶೌರ್ಯ? ಎದುರಾಳಿಯನ್ನು ಕೊಂದು ಬಂದದ್ದೂ ಶೌರ್ಯವೇ. ಮೂರು ವರ್ಷವಾದಮೇಲೆ ಆ ಭತ್ಯೆ ನಿಂತಿತು, ಅದು ಕಲಿಸಿದ ಪಾಠ ಉಳಿಯಿತು. ವಿಶೇಷ ಪಡೆಯಾದ ಬೋಪೆಯ ಲಾಂಛನ ನೋಡಿದ್ದೀರಿ, ತಲೆಬುರುಡೆಗೆ ಇಳಿದ ಕಠಾರಿ, ಹಿಂದೆ ಎರಡು ಪಿಸ್ತೂಲು. ಆ ಲಾಂಛನ ಹಾಕಿಕೊಂಡ ಕಪ್ಪು ಕವಚದ ಗಾಡಿ ಓಣಿಗೆ ಬಂದರೆ ಅಂಗಡಿಗಳ ಬಾಗಿಲು ಬೀಳುತ್ತದೆ, ಶಾಲೆಯಲ್ಲಿ ಟೀಚರು ಮಕ್ಕಳನ್ನು ಕಿಟಕಿಯಿಂದ ದೂರ, ಪಡಸಾಲೆಯ ನೆಲಕ್ಕೆ ಮಲಗಿಸುತ್ತಾರೆ. ಆ ಮಗು ದೊಡ್ಡದಾದಮೇಲೆ ಪೊಲೀಸರಿಗೆ ಮಾಹಿತಿ ಕೊಡುತ್ತದೆ ಅಂತ ನಿರೀಕ್ಷಿಸಬಹುದೇ?

ಸಾಹೇಬರು: ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ಮಾರ್ಗಸೂಚಿ ಎಲ್ಲ ದೇಶಗಳಿಗೂ ಮಾದರಿ. ಎನ್‌ಕೌಂಟರಿನಲ್ಲಿ ಸಾವಾದರೆ ಎಫ್‌ಐಆರ್ ಆಗಲೇಬೇಕು. ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಘಟನೆಯಾದ ತಕ್ಷಣ ಬಡ್ತಿಯನ್ನಾಗಲಿ, ಶೌರ್ಯ ಪದಕವನ್ನಾಗಲಿ ಕೊಡಕೂಡದು. ಎಲ್ಲ ಕಡೆ ಅದೇ ಪ್ರಕಾರ ನಡೆಯುತ್ತಿದೆ ಅಂತ ನಾನು ಹೇಳಲಾರೆ. ನಿಯಮವಂತೂ ಇದೆ. ವೀರಪ್ಪನ್ ಕಾರ್ಯಾಚರಣೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಜನ ವಿಶೇಷ ಪಡೆಯಿಂದ ಅನುಭವಿಸಿದ್ದು ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬಂತು. ಆಮೇಲೆ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿಸಿತು. ಕಾಡಿನಲ್ಲಿ ಪ್ರಾಣ ಪಣಕ್ಕಿಟ್ಟ ಪೊಲೀಸರ ಬಗ್ಗೆ ನನಗೆ ಅಪಾರ ಗೌರವ ಇದೆ. ಆ ಗೌರವ ಇರುವುದರಿಂದಲೇ ಹೇಳುತ್ತೇನೆ, ಹಳ್ಳಿಯವರ ಮೇಲೆ ಕೈ ಮಾಡಿದ್ದನ್ನು ಶೌರ್ಯದ ಲೆಕ್ಕಕ್ಕೆ ಸೇರಿಸಬಾರದು.

ಮೇಷ್ಟ್ರು: ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ತೊಂಬತ್ತು ಚಿಲ್ಲರೆ ರೈಫಲ್ ಗುಡ್ಡದಲ್ಲಿ ಬೆಳೆದದ್ದಲ್ಲ. ಕೊಕೇನ್ ಕೂಡ ರಿಯೊದಲ್ಲಿ ಬೆಳೆಯುವುದಿಲ್ಲ. ಕೊಲಂಬಿಯಾ, ಪೆರು, ಬೊಲಿವಿಯಾಗಳಿಂದ ಬರುತ್ತದೆ. 2017ರ ಜೂನ್‌ನಲ್ಲಿ ರಿಯೊದ ಗಲೆಯಾವ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಅಮೆರಿಕದ ಮಯಾಮಿಯಿಂದ ಬಂದ ಪೆಟ್ಟಿಗೆಗಳನ್ನು ಬಿಚ್ಚಿದರು. ಕಾಗದದಲ್ಲಿ ಇದ್ದದ್ದು ಈಜುಕೊಳದ ನೀರು ಕಾಯಿಸುವ ಹೀಟರ್‌ಗಳು. ಹೀಟರಿನ ಹೊಟ್ಟೆಯೊಳಗೆ 60 ರೈಫಲ್. ಒಂದು ಗುಂಡು ಹಾರಲಿಲ್ಲ, ಒಂದು ಹೆಣ ಬೀಳಲಿಲ್ಲ. ಇನ್ನೂ ಗುಡ್ಡ ಹತ್ತದ 60 ರೈಫಲ್ ಅಲ್ಲೇ ಸಿಕ್ಕವು. ಅದೇ 60 ರೈಫಲ್ಲನ್ನು ಗುಡ್ಡಕ್ಕೆ ಹೋದಮೇಲೆ ಹಿಡಿಯಬೇಕಾಗಿದ್ದರೆ ಎಷ್ಟು ಪೇದೆಗಳು, ಎಷ್ಟು ಹುಡುಗರು ಸಾಯುತ್ತಿದ್ದರು?

ಸಾಹೇಬರು: ಮಾಹಿತಿ ಸಿಕ್ಕಿತ್ತು, ಹಿಡಿದರು. ಎಲ್ಲ ಪೆಟ್ಟಿಗೆಗೂ ಮಾಹಿತಿ ಸಿಗುವುದಿಲ್ಲ.

ಮೇಷ್ಟ್ರು: ಮಾಹಿತಿ ಸಿಗಬೇಕಾದರೆ ಅದರ ಹಿಂದೆ ಬೀಳುವ ಜನ ಬೇಕು, ಅವರಿಗೆ ಸಮಯ ಬೇಕು. ಬ್ರೆಜಿಲ್ಲೇ ಅದನ್ನು ಮಾಡಿ ತೋರಿಸಿದೆ. ರಿಯೊ ದಾಳಿಗೆ ಸರಿಯಾಗಿ ಎರಡು ತಿಂಗಳ ಹಿಂದೆ, 2025ರ ಆಗಸ್ಟ್ 28ರಂದು, ಸುಮಾರು 1,400 ಅಧಿಕಾರಿಗಳು ಎಂಟು ರಾಜ್ಯಗಳಲ್ಲಿ ಒಟ್ಟಿಗೆ ಶೋಧ ಮಾಡಿದರು. ಗುರಿ, ಸಾವೊ ಪಾಲೊದ ಪಿಸಿಸಿ ಎಂಬ ಗ್ಯಾಂಗಿನ ಹಣ. ಹೋದದ್ದು ಗುಡ್ಡಕ್ಕಲ್ಲ, ಪೆಟ್ರೋಲ್ ಬಂಕುಗಳಿಗೆ, ಇಂಧನ ಕಂಪನಿಗಳಿಗೆ, ಸಾವೊ ಪಾಲೊದ ಫಾರಿಯಾ ಲೀಮಾ ರಸ್ತೆಯ ಗಾಜಿನ ಕಟ್ಟಡಗಳಲ್ಲಿದ್ದ ಹಣಕಾಸು ಸಂಸ್ಥೆಗಳಿಗೆ. ಸುಮಾರು ಸಾವಿರ ಬಂಕುಗಳ ಮೂಲಕ ನಾಲ್ಕು ವರ್ಷಗಳಲ್ಲಿ 5,200 ಕೋಟಿ ಬ್ರೆಜಿಲ್ ರಿಯಲ್ ಹರಿದಿತ್ತು ಅಂತ ತೆರಿಗೆ ಇಲಾಖೆ ಲೆಕ್ಕ ಹಾಕಿತು. ನಲವತ್ತು ಹೂಡಿಕೆ ನಿಧಿಗಳು ತನಿಖೆಗೆ ಬಂದವು. ರಿಯೊ ದಾಳಿಯಲ್ಲಿ ಮುಖ್ಯ ಗುರಿಯಾಗಿದ್ದ ಮುಖಂಡನೇ ತಪ್ಪಿಸಿಕೊಂಡ. ಯಾವ ಕಾರ್ಯಾಚರಣೆಯಿಂದ ಗ್ಯಾಂಗಿನ ಬುಡ ಅಲ್ಲಾಡುತ್ತದೆ, ಹೇಳಿ.

ಸಾಹೇಬರು: ಅದು ದೊಡ್ಡ ಕೆಲಸ, ಮೆಚ್ಚಬೇಕು. ಆದರೆ ಎರಡು ಗ್ಯಾಂಗು ಒಂದೇ ಥರದವಲ್ಲ. ಕೊಮಾಂಡೊ ವೆರ್ಮೆಲ್ಯೊ ಜಾಗ ಹಿಡಿದುಕೊಂಡಿದೆ, ಅಲ್ಲಿ ಹತ್ತಾರು ಸಾವಿರ ಜನ ಬದುಕುತ್ತಿದ್ದಾರೆ. ಹಣದ ಜಾಡು ಹಿಡಿದು ಚಾರ್ಜ್‌ಶೀಟ್ ಹಾಕುವುದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ಗುಡ್ಡದ ತಾಯಿ ತನ್ನ ಮಗ ಗ್ಯಾಂಗಿಗೆ ಸೇರದಂತೆ ಹೇಗೆ ತಡೆಯಬೇಕು? ಅವಳಿಗೆ ಪೊಲೀಸ್ ಇವತ್ತೇ ಬೇಕು.

ಮೇಷ್ಟ್ರು: ಆ ತಾಯಿಗೆ ಇವತ್ತು ಬೇಕು, ನಾಳೆಯೂ ಬೇಕು. ದಾಳಿಯ ಪೊಲೀಸ್ ಇವತ್ತು ಬಂದು ಸಂಜೆಗೆ ಹೋಗುತ್ತಾನೆ. ಅಕ್ಟೋಬರ್ 29ರ ಬೆಳಿಗ್ಗೆ ಪೆನ್ಯಾದಲ್ಲಿ ಏನಾಯಿತು? ಗುಡ್ಡದ ಹಿಂದಿನ ಕಾಡಿನಿಂದ ಊರಿನವರೇ ರಾತ್ರಿಯಿಡೀ ಹೆಣ ಹುಡುಕಿ ಇಳಿಸಿದರು. ಚೌಕದಲ್ಲಿ ಸಾಲಾಗಿ ಮಲಗಿಸಿದರು. ಹೆಂಗಸರು ಒಂದೊಂದೇ ಹೊದಿಕೆ ಸರಿಸಿ ಮುಖ ನೋಡುತ್ತಾ, ತಮ್ಮವರೇನೋ ಅಂತ ಹುಡುಕುತ್ತಾ ನಡೆದರು. ಸತ್ತವರಲ್ಲಿ ಬಂದೂಕು ಹಿಡಿದವರು ಎಷ್ಟು, ಶರಣಾಗುತ್ತಿದ್ದವರು ಎಷ್ಟು ಅಂತ ಹೇಳಬೇಕಾದ ಮಹಜರು ಆಗುವ ಮೊದಲೇ ಸ್ಥಳ ಕಲಸಿಹೋಗಿತ್ತು. ಆಗಿನ ಗವರ್ನರ್ ಕ್ಲಾಡಿಯೊ ಕ್ಯಾಸ್ತ್ರೊ ಮಾತ್ರ ಕಾರ್ಯಾಚರಣೆ ಯಶಸ್ವಿ ಅಂದರು. ಬಲಿಯಾದವರು ಅಂತಿದ್ದರೆ ಆ ನಾಲ್ವರು ಪೊಲೀಸರು ಮಾತ್ರ ಅಂದರು.

ಸಾಹೇಬರು: ಹೆಣವನ್ನು ಊರಿನವರೇ ಹೊತ್ತು ತರುವ ಪರಿಸ್ಥಿತಿ ಬರಬಾರದು. ಸ್ಥಳ ಕಾಯುವುದು, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, ಮಹಜರು ಬರೆಯುವುದು ಪೊಲೀಸನ ಕೆಲಸ, ಎದುರಾಳಿ ಎಂಥವನೇ ಆಗಿರಲಿ. ಅದನ್ನು ಬಿಟ್ಟುಬಂದ ಪಡೆ ಅರ್ಧ ಕೆಲಸ ಮಾಡಿ ಬಂದಿದೆ. ಇಷ್ಟಾಗಿಯೂ ನನ್ನ ನಿಲುವು ಬದಲಾಗಿಲ್ಲ, ರೈಫಲ್ ಬೇಕು. ಆದರೆ ಅದರ ಜೊತೆಗೆ ಏನೇನು ಬೇಕು ಅಂತ ಕೇಳಿದರೆ ಪಟ್ಟಿ ಕೊಡಬಲ್ಲೆ. ರೈಫಲ್ ಇರಬೇಕಾದದ್ದು ತರಬೇತಾದ ಸಣ್ಣ ವಿಶೇಷ ಪಡೆಯ ಹತ್ತಿರ, ಬೀಟಿನ ಪೇದೆಯ ಹತ್ತಿರ ಅಲ್ಲ. ಪ್ರತಿ ತೋಟಾಕ್ಕೂ ನಂಬರ್, ಪ್ರತಿ ಗುಂಡಿಗೂ ಬರಹದಲ್ಲಿ ಕಾರಣ. ಎದೆಯ ಮೇಲೆ ಕ್ಯಾಮೆರಾ. ಸಾವಾದರೆ ಬೇರೆ ಸಂಸ್ಥೆಯಿಂದ ತನಿಖೆ. ದಾಳಿಯಾದ ಮಾರನೆಯ ದಿನದಿಂದ ಅಲ್ಲೇ ಒಂದು ಠಾಣೆ.

ಮೇಷ್ಟ್ರು: ಜೊತೆಗೆ ಸಂಬಳ ತಪ್ಪದ ಶಾಲೆ, ನಿಲ್ಲದ ರೋಪ್‌ವೇ. ಬಂದರು, ವಿಮಾನ ನಿಲ್ದಾಣ, ಬ್ಯಾಂಕುಗಳಲ್ಲಿ ಹಣ ಮತ್ತು ಆಯುಧದ ಜಾಡು ಹಿಡಿಯುವ ತನಿಖಾಧಿಕಾರಿಗಳು. ಸರ್ಕಾರದ ಹತ್ತಿರ ಒಂದೇ ರೂಪಾಯಿ ಇದ್ದರೆ ಮೊದಲು ಅವರಿಗೆ ಕೊಡಲಿ, ಕವಚದ ಗಾಡಿಗೆ ಆಮೇಲೆ ಕೊಡಲಿ. ಇಷ್ಟಕ್ಕೆ ನೀವು ಒಪ್ಪುತ್ತೀರಾ?

ಸಾಹೇಬರು: ಯಾವುದು ಮೊದಲು ಅನ್ನುವುದರಲ್ಲಿ ನನ್ನದು ಬೇರೆ ಅಭಿಪ್ರಾಯ. ನಾನು ಎರಡಕ್ಕೂ ಒಟ್ಟಿಗೇ ಕೊಡಿ ಅನ್ನುತ್ತೇನೆ. ನನ್ನ ಹುಡುಗರ ಪ್ರಾಣವನ್ನು ಎರಡನೆಯ ಸಾಲಿಗೆ ಹಾಕಲಾರೆ. ಆದರೆ ಲೆಕ್ಕ ಕೇಳದೆ ಬಂದೂಕು ಕೊಡಬಾರದು ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಲೆಕ್ಕ ಕೇಳುವುದು ಪೊಲೀಸರಿಗೆ ಮಾಡುವ ಅವಮಾನ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಪ್ರಾಮಾಣಿಕ ಪೊಲೀಸನನ್ನು ಕಾಪಾಡುವುದೇ ಆ ಲೆಕ್ಕ.

ಮೇಷ್ಟ್ರು: ಹಾಗಾದರೆ ನಮ್ಮಿಬ್ಬರ ಕೋರಿಕೆ ಒಂದೇ, ಅದು ಮತ ಹಾಕುವವರಿಗೆ. ಮಾದಕವಸ್ತುವನ್ನು ಮಟ್ಟ ಹಾಕುತ್ತೇವೆ ಅಂತ ಯಾವ ಸರ್ಕಾರವಾದರೂ ದೊಡ್ಡ ಬಂದೂಕು ಕೊಳ್ಳಲು ಹೊರಟರೆ ಮೂರು ಪ್ರಶ್ನೆ ಕೇಳಿ. ಈ ತೋಟಾದ ಲೆಕ್ಕ ಯಾರು ಇಡುತ್ತಾರೆ? ಸತ್ತವರ ತನಿಖೆ ಯಾರು ಮಾಡುತ್ತಾರೆ? ದಾಳಿಯಾದ ಮಾರನೆಯ ದಿನ ಅಲ್ಲಿ ಯಾರು ಇರುತ್ತಾರೆ? ಮೂರಕ್ಕೂ ಉತ್ತರ ಸಿಗುವವರೆಗೆ ಖರೀದಿಗೆ ಒಪ್ಪಿಗೆ ಕೊಡಬೇಡಿ.